ಪರೀಕ್ಷೆ ಮಾಡಿಕೊಂಡವರೆಲ್ಲ ರೋಗಿಗಳಲ್ಲ



ಈ ಸಲದ ಅಂಚೆಯಲ್ಲಿ ಬಂದ ಒಂದು ಪತ್ರಕ್ಕೆ ಇಲ್ಲಿಯೇ ಉತ್ತರ ಬರೆಯುತ್ತಿದ್ದೇನೆ. ಹೆಸರು, ಊರು ಬೇಡವೆಂದು ಆ ತಾಯಿ ಕೇಳಿಕೊಂಡಿದ್ದಾರೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದರಂತೆ. ಬಚ್ಚಲುಮನೆಯ ಕಪಾಟು ಒರೆಸುವಾಗ ಒಂದು ಮಾತ್ರೆ ಡಬ್ಬಿ, ಪಕ್ಕದಲ್ಲೇ 'ಎಚ್‌ಐವಿ' ಎಂದು ಅಚ್ಚಾದ ಪೆಟ್ಟಿಗೆ ಕಣ್ಣಿಗೆ ಬಿತ್ತಂತೆ. ಕೇಳಿದರೆ, "ನನಗೇನೂ ಆಗಿಲ್ಲಮ್ಮ. ಬರದೇ ಇರಲಿ ಅಂತ ತಗೊಳ್ಳೋ ಮಾತ್ರೆ ಅದು. ಕೊರೋನಾ ಕಾಲದಿಂದ ಡಾಕ್ಟರು ಫೋನಲ್ಲೇ ನೋಡ್ತಾರೆ, ಪರೀಕ್ಷೆ ಮನೇಲೇ ಮಾಡ್ಕೋತೀನಿ" ಅಂದನಂತೆ. "ಅಕ್ಕಾ, ನಂಬಿಕೆ ಬರ್ತಿಲ್ಲ. ಊರಿಗೆ ಬಂದ ಮೇಲೆ ಅವನ ಹತ್ರ ಸರಿಯಾಗಿ ಮಾತೇ ಆಡಿಲ್ಲ. ಏನು ಮಾಡಲಿ?" ಎಂದು ಬರೆದಿದ್ದಾರೆ.

ಸೋದರೀ, ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಮಗ ಹೇಳಿದಂಥ ಮಾತ್ರೆ ನಿಜವಾಗಿಯೂ ಇದೆ. ಸೋಂಕು ಇಲ್ಲದವರು ಅದು ತಗಲದಿರಲೆಂದು ನುಂಗುವ ಈ ಮಾತ್ರೆಗೆ 'ಪ್ರೆಪ್' ಎನ್ನುತ್ತಾರೆ. ಅಮೆರಿಕದಲ್ಲಿ 2012ರ ಜುಲೈ ತಿಂಗಳಲ್ಲಿ ಇದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ದಿನವೂ ತಪ್ಪದೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ತಗಲುವ ಅಪಾಯ ನೂರಕ್ಕೆ 99ರಷ್ಟು ತಗ್ಗುತ್ತದೆ. ಬೇರೆ ಗುಹ್ಯರೋಗಗಳನ್ನು ಮಾತ್ರ ಇದು ತಡೆಯದು.

ಕಾಯಿಲೆಯೇ ಇಲ್ಲದವನಿಗೆ ಪರೀಕ್ಷೆ ಯಾಕೆ ಅಂತೀರಾ? ಸೋಂಕು ತಗಲಿದವರಿಗೆ ಈ ಮಾತ್ರೆಯೊಂದೇ ಸಾಲದು. ತಗಲಿರುವುದು ತಿಳಿಯದೆ ಇದನ್ನೇ ನುಂಗುತ್ತಾ ಹೋದರೆ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು, ಇಲ್ಲವೆಂದು ತಿಳಿದ ಮೇಲೆಯೇ ಮುಂದಿನ ಮಾತ್ರೆ. 2020ರಲ್ಲಿ ಅಲ್ಲಿಯೂ ಅನೇಕ ಚಿಕಿತ್ಸಾಲಯಗಳು ಬಾಗಿಲು ಹಾಕಿದಾಗ ಈ ಸರಪಣಿ ತುಂಡಾಗುವ ಭಯ ಬಂತು. ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು ವೈದ್ಯರಿಗೆ ಸಲಹೆ ಕೊಟ್ಟಿತು: ಫೋನಿನಲ್ಲಿ ವಿಚಾರಿಸಿ, ಪರೀಕ್ಷೆಯನ್ನು ಮನೆಯಲ್ಲೇ ಮಾಡಿಸಿ, ಸೋಂಕಿಲ್ಲದಿದ್ದರೆ 90 ದಿನದ ಮಾತ್ರೆ ಬರೆದುಕೊಡಿ.

ಮನೆಯ ಪರೀಕ್ಷೆ ಎರಡು ಬಗೆ. ಒಂದರಲ್ಲಿ ಬೆರಳು ಚುಚ್ಚಿ ನಾಲ್ಕಾರು ಹನಿ ರಕ್ತವನ್ನು ಅಂಚೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸುವುದು. ಇನ್ನೊಂದರಲ್ಲಿ ಒಸಡನ್ನು ಕಡ್ಡಿಯಿಂದ ಸವರಿ, ಅದನ್ನು ಕೊಟ್ಟಿರುವ ದ್ರವದಲ್ಲಿ 20 ನಿಮಿಷ ನಿಲ್ಲಿಸುವುದು. ಬಸಿರಿನ ಪರೀಕ್ಷೆಯ ಪಟ್ಟಿಯಂತೆಯೇ, ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಅನುಮಾನ. ಅಂದಹಾಗೆ, ಇಲ್ಲಿ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು. ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ.

ಆದರೆ ಕಡ್ಡಿಯ ಮಾತೇ ಕೊನೆಯ ಮಾತಲ್ಲ. ಸೋಂಕು ತಗಲಿ ಮೂರು ತಿಂಗಳು ಆಗಿರದಿದ್ದರೆ ಅದು ಕಾಣದೇ ಹೋಗಬಹುದು. ಎರಡು ಗೆರೆ ಬಂದರೆ ರಕ್ತ ಪರೀಕ್ಷೆಯಿಂದಲೇ ಖಚಿತವಾಗಬೇಕು. ಮೂತ್ರಪಿಂಡ ಹೇಗಿದೆ ಎಂದು ನೋಡಲೂ ರಕ್ತ ಬೇಕು, ಅದು ಫೋನಿನಲ್ಲಿ ಆಗುವ ಕೆಲಸವಲ್ಲ. ಒಬ್ಬನೇ ಕೋಣೆಯಲ್ಲಿ ಕೂತು ಆ ಗೆರೆ ನೋಡುವವನ ಹೆಗಲ ಮೇಲೆ ಕೈ ಇಡಲು ಯಾರಿರುತ್ತಾರೆ ಹೇಳಿ?

ನಮ್ಮಲ್ಲಿ ಬಸುರಿಯರಿಗೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡುತ್ತಾರಲ್ಲವೇ? ನಿಮ್ಮ ಸೊಸೆಗೋ ಮಗಳಿಗೋ ಮಾಡಿಸಿದಾಗ ನೀವು ಅವಳನ್ನು ಅನುಮಾನದಿಂದ ನೋಡಿದಿರಾ? ಇಲ್ಲವಷ್ಟೆ. ಹಾಗಾದರೆ ಮಗನ ವಿಷಯದಲ್ಲಿ ಮಾತ್ರ ಯಾಕೆ?

ನಿಮ್ಮನ್ನು ಕೊರೆಯುತ್ತಿರುವ ಪ್ರಶ್ನೆ ಬೇರೆ ಎಂದು ಬಲ್ಲೆ: ಅವನಿಗೆ ಈ ಮಾತ್ರೆ ಯಾಕೆ ಬೇಕಾಯಿತು? ಸಂಗಾತಿಗೆ ಸೋಂಕಿದ್ದವರು ತೆಗೆದುಕೊಳ್ಳುತ್ತಾರೆ. ಗಂಡಸರನ್ನೇ ಪ್ರೀತಿಸುವ ಗಂಡಸರೂ ತೆಗೆದುಕೊಳ್ಳುತ್ತಾರೆ. ಬೇರೆ ಕಾರಣಗಳೂ ಇವೆ. ನಾನು ಊಹಿಸಲಾರೆ, ನೀವೂ ಊಹಿಸಬೇಡಿ. ಅದು ಅವನೇ ಹೇಳಬೇಕಾದ ಮಾತು. ಮುಚ್ಚಿಡದೆ ಉತ್ತರ ಕೊಟ್ಟ ಮಗನಿಗೆ ಅಮ್ಮನ ಮೌನವೇ ಶಿಕ್ಷೆಯಾದರೆ, ಇನ್ನೊಂದು ಸಲ ಅವನು ಬಾಯಿ ಬಿಡುತ್ತಾನೆಯೇ?

ಉಳಿದ ಓದುಗರಿಗೂ ಒಂದು ಮಾತು. ಮನಸ್ಸಿನಲ್ಲಿ ಇಂಥ ಅಳುಕಿದ್ದರೆ ಜಿಲ್ಲಾಸ್ಪತ್ರೆಯಲ್ಲಿ 'ಐಸಿಟಿಸಿ' ಎಲ್ಲಿದೆಯೆಂದು ಕೇಳಿ ಹೋಗಿ. ಪರೀಕ್ಷೆಗೆ ದುಡ್ಡಿಲ್ಲ, ಕೂರಿಸಿ ಮಾತಾಡಿಸುವ ಸಮಾಲೋಚಕರೂ ಇರುತ್ತಾರೆ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ ಎಂದು 2017ರ ಕಾಯಿದೆ ಹೇಳುತ್ತದೆ. ಹೋಗಲು ಸಂಕೋಚವಾದರೆ ಮೊದಲು 1097ಕ್ಕೆ ಫೋನ್ ಮಾಡಿ ಕೇಳಿ. ಅದಕ್ಕೂ ದುಡ್ಡಿಲ್ಲ.

ಇನ್ನು ನೀವು, ಸೋದರೀ. ಈ ಭಾನುವಾರ ಅವನ ಫೋನಿಗೆ ಕಾಯಬೇಡಿ, ನೀವೇ ಮಾಡಿ. "ಊಟ ಆಯ್ತೇನಪ್ಪಾ? ಮಾತ್ರೆ ತಪ್ಪದೆ ತಗೋತಿದ್ದೀಯಾ?" ಅಂತ ಕೇಳಿ. ಅಷ್ಟು ಸಾಕು. ಉಳಿದದ್ದನ್ನು ಅವನು ಹೇಳಿದ ದಿನ ಕೇಳಿಸಿಕೊಂಡರಾಯಿತು.

ನಿಮ್ಮ,
ಅಕ್ಕ