ಯೋಧರ ಸ್ಮರಣೆ ನಮ್ಮ ಊರಿನಲ್ಲೂ ಆಗಲಿ

ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಬರುತ್ತದೆ. 1949ರಿಂದ ನಡೆದುಬಂದ ಕ್ರಮವಿದು. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜವನ್ನು ಶಾಲಾ ಮಕ್ಕಳು ಅಂಗಿಗೆ ಅಂಟಿಸಿಕೊಳ್ಳುತ್ತಾರೆ. ಅಧ್ಯಾಪಕರಾದ ನಾವು ತರಗತಿಯಿಂದ ತರಗತಿಗೆ ಹೋಗಿ ಹಣ ಒಟ್ಟುಮಾಡಿ ಕಳುಹಿಸುತ್ತೇವೆ. ರಶೀದಿ ಫೈಲಿಗೆ ಸೇರುತ್ತದೆ. ಅಲ್ಲಿಗೆ ಆ ವರ್ಷದ ಕರ್ತವ್ಯ ಮುಗಿಯಿತು ಎಂಬ ಸಮಾಧಾನ ನಮ್ಮದು. ಆ ಮೂರು ಬಣ್ಣಗಳು ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಸೂಚಿಸುತ್ತವೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಆ ಹಣ ಯುದ್ಧದಲ್ಲಿ ಗಾಯಗೊಂಡವರಿಗೆ, ಮಡಿದವರ ಕುಟುಂಬಗಳಿಗೆ, ನಿವೃತ್ತ ಸೈನಿಕರ ಪುನರ್ವಸತಿಗೆ ಹೋಗುತ್ತದೆ ಎಂದು ಎಷ್ಟು ಮನೆಗಳಲ್ಲಿ ಮಾತಾಗುತ್ತದೆ? ವಾಚಕರು ತಮ್ಮ ತಮ್ಮ ಮನೆಯ ಮಕ್ಕಳನ್ನೇ ಕೇಳಿ ನೋಡಬಹುದು.

ಸ್ಮಾರಕ, ಮೆರವಣಿಗೆ, ಹಾರ, ಭಾಷಣ ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ಸಮಾಜವೊಂದು ತನ್ನವರನ್ನು ನೆನೆಯಲು ಹೊರಗಿನ ಗುರುತು ಬೇಕೇ ಬೇಕು. ಆದರೆ ಆ ಗುರುತಿನ ಹಿಂದೆ ಏನಿರಬೇಕು ಎಂಬುದನ್ನು ನಮ್ಮ ಹಿರಿಯರು ನಮಗಿಂತ ಚೆನ್ನಾಗಿ ತಿಳಿದಿದ್ದರು. ಕನ್ನಡ ನಾಡಿನ ಊರೂರಲ್ಲಿ ವೀರಗಲ್ಲುಗಳಿವೆ. ಗಡಿ ಕಾಯಲು, ದನಗಳನ್ನು ಬಿಡಿಸಿ ತರಲು, ಊರನ್ನು ಉಳಿಸಲು ಹೋರಾಡಿ ಮಡಿದವರ ಕಲ್ಲುಗಳವು. ಅವರಲ್ಲಿ ಅನೇಕರು ಅರಸರಲ್ಲ, ಸಾಮಾನ್ಯ ಊರವರು. ಹಾಗೆ ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯೂ ಇತ್ತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿ ಬರುವ ಸಂಗತಿಯೂ ಇಂಥದೇ. ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಎರಡು ಗ್ರಾಮಗಳನ್ನು ‘ಬಾಳ್ಗಳ್ಚು’ ಆಗಿ, ಅಂದರೆ ಕತ್ತಿ ತೊಳೆದ ಗೌರವಕ್ಕಾಗಿ, ಕೊಟ್ಟದ್ದನ್ನು ಅದು ಹೇಳುತ್ತದೆ. ನಮ್ಮ ಭಾಷೆ ಕಲ್ಲಿನ ಮೇಲೆ ಮೂಡಿದ ಕಾಲಕ್ಕೇ ಯೋಧನ ಗೌರವದ ಮಾತು ಅದರಲ್ಲಿತ್ತು ಎಂಬುದನ್ನು ನಾವು ಮರೆಯಬಾರದು.

ಇದರಿಂದ ಎರಡು ಪಾಠ ಸಿಗುತ್ತದೆ. ಒಂದು, ನೆನಪು ಊರಿನವರು ಓದಬಲ್ಲ ಮಾತಿನಲ್ಲಿ, ಅವರು ನಡೆದಾಡುವ ದಾರಿಯ ಬದಿಯಲ್ಲಿ ಇತ್ತು. ಎರಡು, ಕಲ್ಲಿನ ಜೊತೆಗೆ ಮನೆಯವರ ಅನ್ನದ ಯೋಚನೆಯೂ ಇತ್ತು. ಈ ಎರಡರಲ್ಲಿ ಒಂದು ತಪ್ಪಿದರೂ ಸ್ಮರಣೆ ಬರಿಯ ಉತ್ಸವವಾಗುತ್ತದೆ.

ದೇಶದ ಮಟ್ಟದಲ್ಲಿ ಈ ಕೆಲಸ ಸಾಕಷ್ಟು ತಡವಾಗಿಯಾದರೂ ಆಗಿದೆ. ಸ್ವತಂತ್ರ ಭಾರತಕ್ಕಾಗಿ ಪ್ರಾಣಕೊಟ್ಟವರ ಹೆಸರುಗಳನ್ನು ಹೊತ್ತ ರಾಷ್ಟ್ರೀಯ ಯುದ್ಧ ಸ್ಮಾರಕ ದೆಹಲಿಯಲ್ಲಿ ಉದ್ಘಾಟನೆಯಾದುದು 2019ರ ಫೆಬ್ರವರಿ 25ರಂದು. ಆಗ ಅಲ್ಲಿನ ಕಲ್ಲಿನ ಫಲಕಗಳಲ್ಲಿ ಕೆತ್ತಿದ್ದ ಹೆಸರುಗಳು 25,942. ನೆರೆಯ ಕೊಡಗಿನಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯ ಮನೆಯನ್ನೇ ವಸ್ತುಸಂಗ್ರಹಾಲಯವಾಗಿ ಮಾಡಿ 2021ರ ಫೆಬ್ರವರಿಯಲ್ಲಿ ತೆರೆದರು. ಕೊಡಗಿನವರೇ ಆದ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ದಿನವನ್ನು ದೇಶವೇ ಸೇನಾ ದಿನವೆಂದು ಆಚರಿಸುತ್ತದೆ. ಇವೆಲ್ಲ ಅಭಿಮಾನದ ಸಂಗತಿಗಳೇ ಸರಿ. ಆದರೆ ದೆಹಲಿಯ ಕಲ್ಲನ್ನು ನೋಡಲು ನಮ್ಮ ಅಡಿಕೆ ತೋಟದ ಕೂಲಿಯವನ ಮಗ ಯಾವಾಗ ಹೋದಾನು? ದಳಪತಿಗಳ ಹೆಸರು ಪಾಠಪುಸ್ತಕದಲ್ಲಿ ಸಿಗುತ್ತದೆ. ಪಕ್ಕದ ಗುಡ್ಡದ ಮನೆಯಿಂದ ಹೋಗಿ ಹದಿನೈದು ವರ್ಷ ಗಡಿ ಕಾದು ಬಂದವನ ಹೆಸರನ್ನು ಯಾರು ಬರೆದಿಡಬೇಕು?

1971ರ ಡಿಸೆಂಬರ್ 9ರ ರಾತ್ರಿ ನಮ್ಮ ಯುದ್ಧನೌಕೆ ಖುಕ್ರಿ ಅರಬ್ಬೀ ಸಮುದ್ರದಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಅದರೊಂದಿಗೆ ಹೋದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ಅವರು ಹಡಗನ್ನು ಬಿಟ್ಟು ಬರಲಿಲ್ಲ. ನಮ್ಮ ಮಕ್ಕಳು ದಿನವೂ ನೋಡುವ ಕಡಲು ಅದೇ ಅರಬ್ಬೀ ಸಮುದ್ರ. ಧ್ವಜ ದಿನದ ಎರಡೇ ದಿನಗಳ ನಂತರ ಬರುವ ಈ ತಾರೀಕನ್ನು ಕರಾವಳಿಯ ಶಾಲೆಗಳಲ್ಲಿ ನೆನೆಯಲು ಸರಕಾರದ ಸುತ್ತೋಲೆ ಬರಬೇಕೆಂದಿಲ್ಲ. ಬೆಳಗ್ಗಿನ ಅಸೆಂಬ್ಲಿಯಲ್ಲಿ ಐದು ನಿಮಿಷ ಸಾಕು.

ಇನ್ನು ಭಾಷೆಯ ಮಾತು. ಈ ಜಿಲ್ಲೆಯ ಎಷ್ಟೋ ಸಭೆಗಳಲ್ಲಿ ಆಮಂತ್ರಣ, ಫಲಕ, ಭಾಷಣ ಎಲ್ಲವೂ ಮಲಯಾಳದಲ್ಲೇ ಇರುವುದನ್ನು ನಾವು ಕಾಣುತ್ತೇವೆ. ಅದರ ಬಗ್ಗೆ ಬಾಯಿ ತೆರೆದರೆ, ಸೈನಿಕನ ಸಾವಿನಲ್ಲೂ ಭಾಷೆಯ ಜಗಳ ತರುತ್ತೀರಾ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದುದೇ. ಸೇನೆಯಲ್ಲಿ ಭಾಷೆಯ ಬೇಲಿಯಿಲ್ಲ. ಮದ್ರಾಸ್ ರೆಜಿಮೆಂಟಿನಲ್ಲಿ ದಕ್ಷಿಣದ ರಾಜ್ಯಗಳವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕಂದಕದಲ್ಲಿ ಪಕ್ಕದಲ್ಲಿರುವವನು ಮಲಯಾಳಿಯೇ, ಕನ್ನಡಿಗನೇ, ತಮಿಳನೇ ಎಂದು ಯಾರೂ ಕೇಳುವುದಿಲ್ಲ. ಆದರೆ ಮನೆಯಲ್ಲಿ ಉಳಿದ ತಾಯಿಗೆ ಒಂದು ಭಾಷೆಯುಂಟು. ಮಗನ ಹೆಸರಿನ ಫಲಕದ ಮುಂದೆ ನಿಂತು ಅದರಲ್ಲಿ ಏನು ಬರೆದಿದೆ ಎಂದು ಆಕೆ ಇನ್ನೊಬ್ಬರನ್ನು ಕೇಳಬೇಕಾಗಿ ಬಂದರೆ, ಆ ಗೌರವ ಆಕೆಗೆ ಸಂದಿತೇ? ಮಲಯಾಳವನ್ನು ಅಳಿಸಿ ಎಂದು ನಾವು ಕೇಳುತ್ತಿಲ್ಲ, ಅದರ ಕೆಳಗೆ ಕನ್ನಡದಲ್ಲೂ ಎರಡು ಸಾಲು ಬರೆಯಿರಿ ಎನ್ನುತ್ತೇವೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಸರಕಾರವೇ ಒಪ್ಪಿಕೊಂಡಿರುವ ನಾಡಿನಲ್ಲಿ ಇದು ದೊಡ್ಡ ಬೇಡಿಕೆಯಲ್ಲ.

ನೆನಪಿಗೆ ಎರಡು ಭಾಷೆ ಸಾಲುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರು ರೈತ ತರುಣರು ಮಲಯಾಳ ಮಾತಿನವರು. ಅವರ ಕತೆಯನ್ನು ‘ಚಿರಸ್ಮರಣೆ’ ಎಂಬ ಕಾದಂಬರಿಯಾಗಿ ಬರೆದವರು ಕನ್ನಡದ ನಿರಂಜನರು. ಅದು ಮುಂದೆ ಮಲಯಾಳಕ್ಕೂ ಹೋಯಿತು. ಅಲ್ಲಿನ ಓದುಗರು ಇದು ಕನ್ನಡದವನ ಪುಸ್ತಕವೆಂದು ದೂರವಿಡಲಿಲ್ಲ. ಬೇಕಲದ ಕೋಟೆಯೂ ಹಾಗೆಯೇ. ಹದಿನೇಳನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವನು ಇಕ್ಕೇರಿಯ ಶಿವಪ್ಪನಾಯಕ. ಇಂದು ಅದನ್ನು ತಮ್ಮ ಊರಿನ ಹೆಮ್ಮೆಯೆಂದು ಕಾಣುವವರಲ್ಲಿ ಎರಡೂ ಭಾಷೆಯವರಿದ್ದಾರೆ. ಪರಂಪರೆಯನ್ನು ಹಂಚಿಕೊಂಡರೆ ಅದು ಕರಗುವುದಿಲ್ಲ, ಕಾಯುವವರ ಸಂಖ್ಯೆ ಹೆಚ್ಚುತ್ತದೆ.

ಇತರರು ಮಾಡಲಿ ಎಂದು ಕುಳಿತರೆ ಮಾತ್ರ ಕೆಲಸ ಕೆಡುತ್ತದೆ. ಇಪ್ಪತ್ತರ ಹರೆಯದಲ್ಲಿ 1971ರ ಯುದ್ಧಕ್ಕೆ ಹೋದವರು ಈಗ ಎಪ್ಪತ್ತು ದಾಟಿದ್ದಾರೆ. 1962ರ ಹಿಮದಲ್ಲಿ ನಿಂತವರು ಎಂಬತ್ತು ದಾಟಿದ್ದಾರೆ. ಅವರ ಬಾಯಿಂದ ಕೇಳಿ ಬರೆದುಕೊಳ್ಳಲು ಉಳಿದಿರುವ ವರ್ಷಗಳು ಕೆಲವೇ. ಪೆಟ್ಟಿಗೆಯಲ್ಲಿರುವ ಪದಕ, ಸೇವಾ ಪುಸ್ತಕ, ಹೆಂಡತಿಗೆ ಕನ್ನಡದಲ್ಲಿ ಬರೆದ ಇನ್‌ಲ್ಯಾಂಡ್ ಪತ್ರಗಳು ಗೆದ್ದಲಿನ ಪಾಲಾಗುತ್ತಿವೆ. ಆ ಪತ್ರಗಳನ್ನು ಓದಬಲ್ಲ ಮೊಮ್ಮಕ್ಕಳೂ ಕಡಿಮೆಯಾಗುತ್ತಿದ್ದಾರೆ. ಕನ್ನಡ ಕಲಿಯದ ಮೊಮ್ಮಗನಿಗೆ ಅಜ್ಜನ ಪತ್ರ ಬರಿಯ ಹಳೆಯ ಕಾಗದ. ಯೋಧನ ನೆನಪೂ ಭಾಷೆಯ ಉಳಿವೂ ಒಂದೇ ಹಗ್ಗದ ಎರಡು ಎಳೆಗಳೆಂದು ನಾವು ಹೇಳುವುದು ಈ ಕಾರಣಕ್ಕೆ.

ಆದ್ದರಿಂದ ನಮ್ಮ ಸೂಚನೆಗಳು ಇಷ್ಟು. ಪ್ರತಿಯೊಂದು ಕನ್ನಡ ಶಾಲೆಯೂ ತನ್ನ ಪರಿಸರದಿಂದ ಸೇನೆಗೆ ಹೋದವರ ಹೆಸರು, ಊರು, ಸೇವೆಯ ವರ್ಷಗಳನ್ನು ಬರೆದಿಡುವ ಒಂದು ದಪ್ಪ ಪುಸ್ತಕವನ್ನು ತೆರೆಯಲಿ. ಒಂಬತ್ತನೇ ತರಗತಿಯ ಮಕ್ಕಳೇ ಮನೆಮನೆಗೆ ಹೋಗಿ ಕೇಳಿ ಬರೆಯಲಿ. ಡಿಸೆಂಬರ್ 7ರಂದು ಆ ಹೆಸರುಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಓದಲಿ. ಅಂದು ವೇದಿಕೆಯ ಕುರ್ಚಿಯಲ್ಲಿ ರಾಜಕೀಯದವರ ಬದಲು ಊರಿನ ನಿವೃತ್ತ ಸೈನಿಕರು ಕುಳಿತುಕೊಳ್ಳಲಿ. ಹಾರ ತುರಾಯಿಯ ಖರ್ಚನ್ನು ಧ್ವಜ ನಿಧಿಗೇ ಸೇರಿಸೋಣ. ಪಿಂಚಣಿಯ ಕಾಗದ, ಸೈನಿಕ ಕಲ್ಯಾಣ ಕಚೇರಿಯ ಅರ್ಜಿ ಓದಲು ಬಾರದ ವಿಧವೆಯರಿದ್ದರೆ, ಅವರಿಗೆ ಅದನ್ನು ಕನ್ನಡದಲ್ಲಿ ಓದಿ ತಿಳಿಸಿ ತುಂಬಿಕೊಡುವ ಕೆಲಸವನ್ನು ಊರಿನ ಗ್ರಂಥಾಲಯದವರೂ ಯುವಕ ಸಂಘದವರೂ ವಹಿಸಿಕೊಳ್ಳಲಿ. ನಮ್ಮ ಕಾಲದ ನೆತ್ತರುಗೊಡಗೆ ಅದುವೇ.

ಇದಕ್ಕೆ ಮಂತ್ರಿಗಳು ಬರಬೇಕಿಲ್ಲ, ಲಕ್ಷಗಟ್ಟಲೆ ಹಣ ಬೇಕಿಲ್ಲ. ಒಂದು ಪುಸ್ತಕ, ಒಂದು ಪೆನ್ನು, ಸಂಜೆಯ ಹೊತ್ತು ಹಿರಿಯರ ಜಗಲಿಯಲ್ಲಿ ಕುಳಿತು ಕೇಳುವ ತಾಳ್ಮೆ ಇಷ್ಟಿದ್ದರೆ ಆಯಿತು. ಸಹೋದ್ಯೋಗಿ ಅಧ್ಯಾಪಕ ಬಂಧುಗಳೂ ಪೋಷಕರೂ ಇದೇ ವರ್ಷ ಇದಕ್ಕೆ ಕೈಹಾಕಬೇಕೆಂದು ನಮ್ಮ ಕಳಕಳಿಯ ವಿನಂತಿ.