ಛತ್ರಿ ಅರಿಬಿಯ ಬಾವುಟ

‘ಲಾಂಗ್ ವೀಕೆಂಡ್ ಪ್ಲಾನ್ ಏನು?’ 2025ರ ಜುಲೈ ಮುಗಿಯೋ ಮೊದಲೇ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಮಾತು. ಆಗಸ್ಟ್ 15 ಶುಕ್ರವಾರ ಬಿದ್ದಿತ್ತು ನೋಡಿ. ಚಿಕ್ಕಮಗಳೂರು, ಗೋಕರ್ಣ, ಕೊಡಗು ಅಂತ ಪಟ್ಟಿ ಬೆಳೀತು. ನಾನು ‘ಅಬ್ಬಿಗೇರಿ’ ಅಂತ ಬರೆದೆ. ‘ಅದ್ಯಾವ ರೆಸಾರ್ಟ್?’ ಅಂದ ಒಬ್ಬ. ರೆಸಾರ್ಟ್ ಅಲ್ಲಪ್ಪ, ಗದಗ ಜಿಲ್ಲೆ, ರೋಣ ತಾಲ್ಲೂಕು. ನಮ್ಮೂರು.

ಅದು ಹೆಸರು ಬಿಡಿಸುವ ಹಂಗಾಮು. ಹೊಲಕ್ಕೆ ಆಳು ಸಿಗದ ದಿನಗಳು. ಆದರೂ ಬೆಳಿಗ್ಗೆ ಪ್ರಭಾತ್ ಫೇರಿ ಹೊರಟಾಗ ಓಣಿಯ ಕಟ್ಟೆಗಳ ಮೇಲೆಲ್ಲ ಜನ. ಸಂಗೊಳ್ಳಿ ರಾಯಣ್ಣನ ವೇಷದ ಹುಡುಗರೇ ನಾಲ್ಕು ಮಂದಿ. ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ಹಾಗಾಗಿ ನಮ್ಮ ಕಡೆ ಈ ಎರಡೂ ದಿನ ಅವನಿಗೆ ಬೇಡಿಕೆ ಜಾಸ್ತಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ರಟ್ಟಿನ ಖಡ್ಗ. ಒಬ್ಬ ರಾಯಣ್ಣನ ಕಾಡಿಗೆ ಮೀಸೆ ಬೆವರಿಗೆ ಗದ್ದಕ್ಕಿಳಿದಿತ್ತು. ಶಾಲೆಯ ಅಂಗಳದಲ್ಲಿ ಧ್ವಜ ಏರಿತು, ಹೂವು ಉದುರಿದವು, ಮಕ್ಕಳ ಕೈಗೆ ಬೂಂದಿ ಉಂಡಿ ಬಂತು. ಇಳಕಲ್ ಸೀರೆ ಉಟ್ಟು ಬಂದ ನಮ್ಮವ್ವ, ನನ್ನ ಹೆಂಡತಿ, ಮಗಳು ಎಲ್ಲರೂ ಖುಷಿಯಾಗಿದ್ದರು.

ಮಗಳ ಕೈಯಲ್ಲಿದ್ದ ಬಾವುಟ ಬೆಂಗಳೂರಿನ ಸಿಗ್ನಲ್ಲಿನಲ್ಲಿ ಕಾರಿನ ಕಿಟಕಿ ಇಳಿಸಿ ನಾನೇ ಕೊಡಿಸಿದ್ದು. ಅವ್ವ ಅದರ ಅಂಚು ಹಿಡಿದು ಬೆರಳಲ್ಲಿ ತಿಕ್ಕಿದಳು. ‘ಇದೇನ ನಮ್ಮವ್ವಾ, ಛತ್ರಿ ಅರಿಬಿ ಹಂಗ ಐತಲ್ಲ?’

ಅವ್ವನ ಬೆರಳಿಗೆ ಗೊತ್ತಾದದ್ದು ನನಗೆ ಗೊತ್ತಾಗಿರಲಿಲ್ಲ. ಅದು ಪಾಲಿಯೆಸ್ಟರ್.

ಅಬ್ಬಿಗೇರಿಯಿಂದ ಗದಗ ದಾಟಿ ಹುಬ್ಬಳ್ಳಿಗೆ ಹೋದರೆ ಅಲ್ಲಿ ಬೆಂಗೇರಿ ಇದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಜಾಗ. ರಾಷ್ಟ್ರಧ್ವಜಕ್ಕೆ 2006ರಲ್ಲಿ ಬಿಐಎಸ್ ಪ್ರಮಾಣಪತ್ರ ಪಡೆದ ಘಟಕ ಇದು. ಬಾಗಲಕೋಟೆ ಕಡೆಯ ಖಾದಿ ಕೇಂದ್ರಗಳಲ್ಲಿ ನೂತು ನೇಯ್ದ ಬಟ್ಟೆ ಇಲ್ಲಿಗೆ ಬರುತ್ತೆ. ಆಮೇಲೆ ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಹಗ್ಗ. ಚಕ್ರದ 24 ಗೆರೆಗಳು ಎರಡೂ ಬದಿಗೆ ಒಂದೇ ಜಾಗದಲ್ಲಿ ಕೂಡಬೇಕು. ಸ್ವಲ್ಪ ತಪ್ಪಿದರೂ ಆ ಬಾವುಟ ಹೊರಗೆ ಹೋಗಂಗಿಲ್ಲ. ಈ ಕೆಲಸ ಮಾಡೋರಲ್ಲಿ ಹೆಚ್ಚಿನವರು ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು.

2002ರ ಧ್ವಜ ಸಂಹಿತೆಯಲ್ಲಿ ಕೈಯಿಂದ ನೂತು ನೇಯ್ದ ಬಟ್ಟೆಯೇ ಆಗಬೇಕು ಅಂತ ಇತ್ತು. 2021ರ ಡಿಸೆಂಬರ್ 30ರಂದು ಅದಕ್ಕೆ ತಿದ್ದುಪಡಿ ಬಂತು: ಯಂತ್ರದ್ದೂ ನಡೆಯುತ್ತೆ, ಪಾಲಿಯೆಸ್ಟರೂ ನಡೆಯುತ್ತೆ. ಮರು ಆಗಸ್ಟಿನಲ್ಲೇ ‘ಹರ್ ಘರ್ ತಿರಂಗಾ’. ಇಡೀ ದೇಶ ಬಾವುಟ ಕೊಳ್ಳಲು ನಿಂತ ವರ್ಷವೇ, ಬಾವುಟ ನೇಯುವವರ ಬಾಗಿಲಿಗೆ ಯಂತ್ರದ ಪೈಪೋಟಿ ತಂದು ನಿಲ್ಲಿಸಿದೆವು. ಇದಕ್ಕೆ ದೇಶಭಕ್ತಿ ಅಂತ ಹೆಸರಿಟ್ಟೆವು.

‘ಹಾಗಾದರೆ ಬಾವುಟ ದುಡ್ಡಿದ್ದವರ ಸ್ವತ್ತಾ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಧ್ವಜ ಹಾರಿಸೋದು ಪ್ರತಿ ಪ್ರಜೆಯ ಹಕ್ಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಬಡವನ ಗುಡಿಸಿಲಿನ ಮೇಲಿರೋ ಅಗ್ಗದ ಬಾವುಟದ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳ ಕೈಗೆ ಕಾಗದದ ಬಾವುಟ ಕೊಡೋದಕ್ಕೂ ಸಂಹಿತೆಯಲ್ಲಿ ಅವಕಾಶ ಇದೆ, ನೆಲಕ್ಕೆ ಬಿಸಾಡಬಾರದು ಅಷ್ಟೇ. ನನ್ನ ಜಗಳ ನಮ್ಮಂಥವರ ಜೊತೆ. ವೀಕೆಂಡಿಗೆ ಒಂದು ರಾತ್ರಿಯ ರೂಮಿಗೆ ಎಂಟು ಸಾವಿರ ಕೊಡ್ತೀವಿ. ಆಫೀಸಿಗೆ ನೂರಾರು ಪಾಲಿಯೆಸ್ಟರ್ ಬಾವುಟ ತರಿಸಿ ಮೇಜಿಗೊಂದು ಸಿಗಿಸ್ತೀವಿ. ಸೆಲ್ಫಿ ಆದಮೇಲೆ ಅವು ಎಲ್ಲಿಗೆ ಹೋಗ್ತವೆ ಅಂತ 16ನೇ ತಾರೀಕು ಕಸ ಗುಡಿಸೋ ಅಕ್ಕನನ್ನು ಕೇಳಿ. ಅಗ್ಗದ ಬಾವುಟ ಬೇಕಾಗಿರೋದು ಬಡವರಿಗಿಂತ ಹೆಚ್ಚಾಗಿ ನಮಗೆ, ಒಂದು ದಿನಕ್ಕೆ.

ಖಾದಿ ಅಂದರೆ ಯಾರದೋ ಮನೆಯ ಕೂಲಿ. ನಮ್ಮ ಸ್ವಾತಂತ್ರ್ಯದ ಹೋರಾಟ ರಾಟಿಯನ್ನು ಹಿಡಿದದ್ದೇ ಅದಕ್ಕೆ. ಆ ಕೂಲಿಯನ್ನು ಬಾವುಟದಿಂದ ತೆಗೆದರೆ ಉಳಿಯೋದು ಮೂರು ಬಣ್ಣ ಮಾತ್ರ.

ಮುಂದಿನ ವರ್ಷ ಹೀಗೆ ಮಾಡಿ. ನಿಮ್ಮ ಆಫೀಸಿಗೋ ಅಪಾರ್ಟ್‌ಮೆಂಟಿಗೋ ಎಲ್ಲರೂ ಸೇರಿ ಒಂದೇ ಒಂದು ಖಾದಿ ಬಾವುಟ ಬೆಂಗೇರಿಯಿಂದ ತರಿಸಿ. ಹಾರಿಸಿ, ಇಳಿಸಿ, ಮಡಚಿಡಿ, ಮತ್ತೆ ಹಾರಿಸಿ. ಸಾಧ್ಯವಾದರೆ ಊರಿಗೆ ಹೋಗಿ. ಇಲ್ಲವಾದರೆ ಹತ್ತಿರದ ಸರ್ಕಾರಿ ಶಾಲೆಗಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ಉಂಡಿ ನಿಮಗೂ ಸಿಗಬಹುದು.

ನಮ್ಮ ಛತ್ರಿ ಅರಿಬಿ ಇನ್ನೂ ಬೀರುವಿನಲ್ಲಿದೆ. ಹಳೆಯದಾದ ಬಾವುಟವನ್ನು ಮರ್ಯಾದೆಯಿಂದ ಸುಡಬಹುದು ಅನ್ನುತ್ತೆ ಸಂಹಿತೆ. ಖಾದಿ ಆದರೆ ಸುಟ್ಟು ಬೂದಿಯಾಗುತ್ತೆ. ಇದು ಕರಗಿ ಮುದ್ದೆಯಾಗಿ ಕೈಗೆ ಅಂಟುತ್ತೆ. ಕೊಡಿಸಿದವನು ನಾನೇ, ಇಟ್ಟುಕೊಂಡು ಕೂತಿದ್ದೀನಿ.