ಮಾದರಿ ಎಂಜಿನ್ನಿನ ಮಸಿ

ಬೆಳ್ತಂಗಡಿಗಾಗಲಿ ಮೂಡುಬಿದಿರೆಗಾಗಲಿ ರೈಲುಹಳಿ ಇನ್ನೂ ಬಂದಿಲ್ಲ. ಅಲ್ಲಿಯ ಬಾಲಕರು ರೈಲನ್ನು ಕಾಣಬೇಕಾದರೆ ಬಂಟ್ವಾಳದ ನಿಲ್ದಾಣಕ್ಕೋ ಮಂಗಳೂರಿಗೋ ಹೋಗಬೇಕು. ಶಾಲೆಯ ವಸ್ತುಪ್ರದರ್ಶನದಲ್ಲಿ ರಟ್ಟು, ತಗಡುಗಳಿಂದ ಮಾಡಿದ ರೈಲು ಎಂಜಿನ್ನಿನ ಮುಂದೆ ಜನರು ತುಸು ಹೊತ್ತು ನಿಲ್ಲುವುದು ಆದುದರಿಂದ ಸಹಜವೇ ಆಗಿದೆ. ಇಂತಹ ಮಾದರಿಗಳು ಆಯುಧಪೂಜೆಯ ದಿನದ ಬಸ್ಸಿನಂತೆ ಥಳಥಳಿಸುತ್ತಿರುತ್ತವೆ. ಬಹುಮಾನವೂ ಆ ಹೊಳಪಿಗೇ ಸಲ್ಲುತ್ತದೆ. ಯಾರಾದರೂ ಅದಕ್ಕೆ ಮಸಿ, ತುಕ್ಕು, ಧೂಳುಗಳ ಬಣ್ಣ ಬಳಿದರೆ ‘ಕೊಳಕು ಕೆಲಸ’ ಎಂದು ಅಂಕ ಕಳೆಯುವವರೇ ಹೆಚ್ಚು. ಈ ತೀರ್ಪು ಸರಿಯಲ್ಲ.

ಕೊಳೆಯನ್ನು ಬಳಿಯುವುದು ಸುಲಭವಲ್ಲ. ಅದು ಎಲ್ಲಿ ಕೂರುತ್ತದೆ, ಏಕೆ ಅಲ್ಲಿಯೇ ಕೂರುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಉಗಿ ಎಂಜಿನ್ನಿನಲ್ಲಿ ಹೊಗೆಕೊಳವೆಯ ಸುತ್ತ ಮಸಿ ಹಿಡಿಯುತ್ತದೆ. ಉಗಿ ಸೋರುವ ಸಂದುಗಳಲ್ಲಿ ನೀರಿನ ಲವಣವು ಬಿಳಿಯ ಗೆರೆಯಾಗಿ ಇಳಿಯುತ್ತದೆ. ಗಾಲಿಗಳನ್ನು ಕೂಡಿಸುವ ಸರಳುಗಳಲ್ಲಿ ಎಣ್ಣೆಯ ಜಿಡ್ಡಿರುತ್ತದೆ. ಡೀಸೆಲ್ ಎಂಜಿನ್ನಿನ ಹೊಗೆ ಕಪ್ಪಾಗಿಸುವುದು ಮಾಡನ್ನು. ಬ್ರೇಕಿನ ಕಬ್ಬಿಣ ಸವೆದು ಏಳುವ ಕಂದು ಧೂಳು ಗಾಲಿಗಳ ಬಳಿಯಲ್ಲಿಯೇ ನೆಲೆಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿನ ಘಟ್ಟದಲ್ಲಿ 57 ಸುರಂಗಗಳಿವೆ. 50 ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ಅಲ್ಲಿ ಇಳಿದು ಬಂದ ಬಂಡಿಯ ಬ್ರೇಕು ಎಷ್ಟು ದುಡಿದಿರಬೇಕೆಂಬುದನ್ನು ಊಹಿಸಬಲ್ಲ ಹುಡುಗನಿಗೆ ಕಂದು ಬಣ್ಣವನ್ನು ಎಲ್ಲಿ ಹಚ್ಚಬೇಕೆಂದು ಹೇಳಿಕೊಡಬೇಕಾಗಿಲ್ಲ.

ಕೈಕೆಲಸವೂ ಸ್ವಾರಸ್ಯವಾದುದೇ. ಕಂದು ಕಪ್ಪುಗಳನ್ನು ಬೆರೆಸಿ ನೀರಾಗಿಸಿದ ಬಣ್ಣವನ್ನು ಮೈಮೇಲೆ ಹರಿಯಬಿಟ್ಟರೆ ಅದು ಸಂದುಗೊಂದುಗಳಲ್ಲಿ ಇಂಗುತ್ತದೆ. ಉಳಿದುದನ್ನು ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಬೇಕು. ಮಳೆನೀರು ಇಳಿಯುವುದು ಹಾಗೆಯೇ ಅಲ್ಲವೆ? ಅಡ್ಡಕ್ಕೆ ಒರೆಸಿದವನು ಮಳೆಯನ್ನು ಕಂಡವನಲ್ಲ. ಕುಂಚವನ್ನು ಬಹುಮಟ್ಟಿಗೆ ಒಣಗಿಸಿ ಸವರಿದರೆ ರಿವೆಟ್ಟುಗಳ ತಲೆ ಎದ್ದು ಕಾಣುತ್ತದೆ. ಸೀಮೆಸುಣ್ಣದ ಪುಡಿ ಒಳ್ಳೆಯ ಧೂಳಾಗುತ್ತದೆ.

ರೈಲಿಲ್ಲದ ಊರಿನ ಮಕ್ಕಳು ಇದನ್ನೆಲ್ಲ ಕಲಿಯುವುದೆಂತು ಎಂದು ಕೇಳಬಹುದು. ತುಕ್ಕಿನ ಪಾಠಕ್ಕೆ ರೈಲೇ ಬೇಕೆಂದಿಲ್ಲ. ಹಂಚಿನ ಮಾಡಿನಿಂದ ನೀರು ತೊಟ್ಟಿಕ್ಕುವ ಕಬ್ಬಿಣದ ಗೇಟು, ಹಗ್ಗ ತಾಗುವೆಡೆಯಲ್ಲಿ ಮಾತ್ರ ಮಿರುಗುವ ಬಾವಿಯ ರಾಟೆ, ಹಾವಸೆಗಟ್ಟಿದ ಮುರಕಲ್ಲಿನ ಗೋಡೆ ಎಲ್ಲ ಮನೆಯ ಬಳಿಯಲ್ಲಿಯೇ ಇವೆ.

ಹೊಸದನ್ನು ಹಳೆಯದಾಗಿ ತೋರಿಸುವುದು ವಂಚನೆಯಾಗದೆ? ಹೊಸ ವಿಗ್ರಹಕ್ಕೆ ಕಿಲುಬು ಹಿಡಿಸಿ ಪುರಾತನವೆಂದು ಮಾರುವವನು ವಂಚಕನೇ ಸರಿ. ಆದರೆ ಮಾದರಿಯು ಮಾದರಿಯೆಂದೇ ಎಲ್ಲರಿಗೂ ತಿಳಿದಿರುವಾಗ ಅಲ್ಲಿ ಮೋಸ ಹೋಗುವವರಾರು? ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯದ ನಿಜವಾದ ಎಂಜಿನ್ನುಗಳಿಗೆ ಬಣ್ಣ ಬಳಿದು ಕಾಪಾಡುವುದು ಯುಕ್ತವೇ. ಬಯಲಿನಲ್ಲಿ ನಿಂತ ಕಬ್ಬಿಣಕ್ಕೆ ಬಣ್ಣವೇ ಕೊಡೆ. ರಟ್ಟಿನ ಎಂಜಿನ್ನಿಗೆ ಅಂತಹ ಭಯವಿಲ್ಲ. ಅದು ದುಡಿಮೆಯ ಗುರುತುಗಳನ್ನು ಧಾರಾಳವಾಗಿ ಹೊರಬಹುದು.

ಇಷ್ಟಾದರೂ ಕಂಡಕಂಡಲ್ಲಿ ಕಪ್ಪು ಎರಚಿದುದನ್ನೆಲ್ಲ ಮೆಚ್ಚಬೇಕೆಂದಲ್ಲ. ತೀರ್ಪುಗಾರರು ಮಾದರಿಯ ಒಂದು ಕಲೆಯ ಮೇಲೆ ಬೆರಳಿಟ್ಟು, ‘ಇದು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಲಿ. ಅರ್ಧದಷ್ಟು ಅಂಕಗಳನ್ನು ಆ ಉತ್ತರಕ್ಕೇ ಮೀಸಲಿಡಲಿ.